ಹೊಸ ಮನೆಗೆ ಹೆಣಿಗೆಯ ಮರದ ನೆಲ

ಮರದ ಚಿಕ್ಕ ಪಟ್ಟಿಗಳನ್ನು ಲೆಕ್ಕವಿಟ್ಟು ಜೋಡಿಸಿ ನೆಲದಲ್ಲೇ ವಿನ್ಯಾಸ ಮೂಡಿಸುವ ಕೆಲಸಕ್ಕೆ ಪಾರ್ಕೆ ಎಂದು ಹೆಸರು. ಹೊಸದಾಗಿ ಕಟ್ಟಿದ ಮನೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಈಗಿನ ಕಟ್ಟಡಗಳಲ್ಲಿ ಗೋಡೆ ಬಿಳಿ, ಚಾವಣಿ ಸಪಾಟು. ತೊಲೆ, ಕಂಬ, ಕೆತ್ತನೆ ಯಾವುದೂ ಇಲ್ಲದೆ ಒಂದು ಕೋಣೆ ಇನ್ನೊಂದರಂತೆಯೇ ಕಾಣುತ್ತದೆ. ಅಂಥ ಕಡೆ ಕಣ್ಣಿಗೆ ಆಸರೆಯಾಗಬಲ್ಲ ದೊಡ್ಡ ಜಾಗವೆಂದರೆ ನೆಲ.

ಈ ಕಲೆ ಅರಳಿದ್ದು ಫ್ರಾನ್ಸಿನಲ್ಲಿ. ಅದು ಅಲ್ಲಿ ಬೇರೂರುವುದಕ್ಕೆ ಅಂದಕ್ಕಿಂತ ಅಗತ್ಯವೇ ಹೆಚ್ಚು ಕಾರಣವಾಯಿತು. ವರ್ಸೇಲ್ಸ್ ಅರಮನೆಯ ಅಮೃತಶಿಲೆಯ ನೆಲವನ್ನು ಮತ್ತೆ ಮತ್ತೆ ತೊಳೆಯಬೇಕಿತ್ತು. ಆ ನೀರು ಸಂದುಗಳಲ್ಲಿ ಇಳಿದು ಕೆಳಗಿನ ಮರದ ತೊಲೆಗಳು ಕೊಳೆಯತೊಡಗಿದವು. 1680ರ ದಶಕದಲ್ಲಿ ಕಲ್ಲಿನ ಬದಲಿಗೆ ಓಕ್ ಮರದ ದೊಡ್ಡ ಚೌಕಗಳು ಬಂದವು. ಚೌಕಟ್ಟಿನೊಳಗೆ ಪಟ್ಟಿಗಳನ್ನು ಓರೆಯಾಗಿ, ಒಂದರ ಮೇಲೊಂದು ಹಾಯ್ದಂತೆ ಹೆಣೆದ ಆ ಮಾದರಿಗೆ ಇಂದಿಗೂ ವರ್ಸೇಲ್ಸ್ ಎಂದೇ ಹೆಸರು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಈ ಕೆಲಸ ಅರಮನೆ ದಾಟಿ, ಪ್ಯಾರಿಸ್ಸಿನಲ್ಲಿ ಹೊಸದಾಗಿ ಎದ್ದ ಬಾಡಿಗೆ ಮನೆಗಳ ಸಾಮಾನ್ಯ ನೆಲವಾಗಿತ್ತು. ತುಂಡು ಮರದಿಂದಲೂ ಇದು ಸಾಧ್ಯ. ಬಾಸ್ಟನ್ ಸೆಲ್ಟಿಕ್ಸ್ ತಂಡದ ಹೆಸರಾಂತ ಬಾಸ್ಕೆಟ್‌ಬಾಲ್ ಅಂಗಣ ತಯಾರಾದದ್ದು 1946ರಲ್ಲಿ. ಯುದ್ಧದ ನಂತರ ಉದ್ದ ಹಲಗೆ ಸಿಗದೆ, ಓಕ್‌ನ ಗಿಡ್ಡ ತುಂಡುಗಳನ್ನೇ ಅದಕ್ಕೆ ಚೌಕ ಚೌಕವಾಗಿ ಜೋಡಿಸಿದರು.

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ವಿನ್ಯಾಸ. ಹೆರಿಂಗ್‌ಬೋನ್‌ನಲ್ಲಿ ಪಟ್ಟಿಗಳು ಶುದ್ಧ ಆಯತ. ಒಂದರ ತುದಿ ಇನ್ನೊಂದರ ಮಗ್ಗುಲಿಗೆ 90 ಡಿಗ್ರಿಯಲ್ಲಿ ಕೂರುತ್ತದೆ. ಮೀನಿನ ಮುಳ್ಳು ಎರಡೂ ಕಡೆ ಕವಲೊಡೆದಂತೆ ಗೆರೆಗಳು ಸಾಗುತ್ತವೆ. ಶೆವ್ರಾನ್‌ನಲ್ಲಿ ಪಟ್ಟಿಯ ತುದಿಯನ್ನೇ ಓರೆಯಾಗಿ ಕೊಯ್ದಿರುತ್ತಾರೆ. ತುದಿಗೆ ತುದಿ ಕೂಡಿ ನಡುವೆ ನೇರ ಗೆರೆ ಬೀಳುತ್ತದೆ. ಶೆವ್ರಾನ್ ನೋಡಲು ಅಚ್ಚುಕಟ್ಟು, ಆದರೆ ತಪ್ಪನ್ನು ಬಚ್ಚಿಡುವುದಿಲ್ಲ. ಚಿಕ್ಕ ಕೋಣೆಗೆ, ಮೊದಲ ಸಲ ಹಾಕಿಸುವವರಿಗೆ ಹೆರಿಂಗ್‌ಬೋನೇ ಮೇಲು. ಇದರ ಸೊಗಸು ಬಣ್ಣದಲ್ಲಿಲ್ಲ, ಬೆಳಕಿನಲ್ಲಿದೆ. ಪಟ್ಟಿಗಳ ಎಳೆ ಎರಡು ದಿಕ್ಕಿಗೆ ಇರುವುದರಿಂದ ಕಿಟಕಿಯ ಬಿಸಿಲು ಒಂದರ ಮೇಲೆ ಹೊಳೆಯುತ್ತದೆ, ಪಕ್ಕದ್ದರ ಮೇಲೆ ಮಂಕಾಗುತ್ತದೆ. ಒಂದೇ ಮರ ಎರಡು ಬಣ್ಣವಾಗಿ ಕಾಣುತ್ತದೆ. ನೋಡುವವರು ಎದುರು ಗೋಡೆಗೆ ಹೋಗಿ ನಿಂತರೆ ಮಂಕಾಗಿದ್ದದ್ದು ಹೊಳೆಯುತ್ತದೆ. ಆದ್ದರಿಂದ ಮರಕ್ಕೆ ಗಾಢ ಬಣ್ಣ ಹಚ್ಚಿ ಎಳೆಯನ್ನೇ ಮುಚ್ಚಿಬಿಡುವುದು ದೊಡ್ಡ ನಷ್ಟ.

ಕೆಲಸದ ಕಷ್ಟವೆಲ್ಲ ಮೊದಲ ಗಂಟೆಯಲ್ಲಿದೆ. ಹೆರಿಂಗ್‌ಬೋನನ್ನು ಗೋಡೆಯಿಂದ ಶುರು ಮಾಡುವಂತಿಲ್ಲ, ಏಕೆಂದರೆ ಯಾವ ಗೋಡೆಯೂ ಪೂರ್ತಿ ನೇರವಾಗಿರುವುದಿಲ್ಲ. ಕೋಣೆಯ ನಡುವೆ ದಾರ ಹಿಡಿದು ಗೆರೆ ಹೊಡೆಯುತ್ತಾರೆ. ಆ ಗೆರೆಯ ಮೇಲೆ ಮೊದಲ ಕೆಲವು ಪಟ್ಟಿಗಳನ್ನು ಕೂರಿಸಿ, ಅಂಟು ಪೂರ್ತಿ ಹಿಡಿಯುವವರೆಗೆ ಕಾಯುತ್ತಾರೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಆಚೆ ಗೋಡೆ ತಲುಪುವಷ್ಟರಲ್ಲಿ ಅದು ಬೆರಳು ತೂರುವ ಸಂದಾಗಿರುತ್ತದೆ. ಸಾಮಾನ್ಯವಾಗಿ ವಿನ್ಯಾಸದ ಮೊನೆ ಬಾಗಿಲಿನಿಂದ ಒಳಗೆ, ಬೆಳಕಿನ ಕಡೆಗೆ ನೋಡುವಂತೆ ಇಡುತ್ತಾರೆ. ಗೋಡೆಯ ಗುಂಟ ಒಂದೆರಡು ಸಾಲು ನೇರ ಪಟ್ಟಿಯ ಅಂಚು ಕೊಟ್ಟರೆ, ಕೊಯ್ದ ಚೂರುಗಳೆಲ್ಲ ಅದರ ಮಗ್ಗುಲಲ್ಲಿ ಸಾಲಾಗಿ ಮುಗಿಯುತ್ತವೆ. ಅಂಚುಗಳಲ್ಲಿ ಕೊಯ್ದು ವ್ಯರ್ಥವಾಗುವುದಕ್ಕಾಗಿ ಶೇ. 10ರಿಂದ 15ರಷ್ಟು ಮರ ಹೆಚ್ಚಿಗೆ ತರಿಸಬೇಕು. ಕೂಲಿಯೂ ನೇರ ಹಾಸಿನದಕ್ಕಿಂತ ಗಣನೀಯವಾಗಿ ಜಾಸ್ತಿ.

ಮರ ಹಾಸಿದ ಮೇಲೂ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕಿಲ್ಲ, ಇರುವುದೆಲ್ಲ ಅಡ್ಡಕ್ಕೆ. ಅದಕ್ಕೇ ಗೋಡೆಯ ಸುತ್ತ ಸುಮಾರು 10 ಮಿಲಿಮೀಟರ್ ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚುತ್ತಾರೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಗಟ್ಟಿ ಮರದ ಪಟ್ಟಿ ಪಡುವ ಪಾಡು ಬೆಂಗಳೂರಿನದಕ್ಕಿಂತ ಬಹಳ ಹೆಚ್ಚು. ಪ್ಲೈವುಡ್ ಪದರಗಳ ಮೇಲೆ ಕೆಲವು ಮಿಲಿಮೀಟರ್ ಅಸಲಿ ಮರ ಕೂರಿಸಿದ ಎಂಜಿನಿಯರ್ಡ್ ವುಡ್ ನಮ್ಮ ಹವೆಗೆ ಹೆಚ್ಚು ತಾಳಿಕೆಯದು, ಏಕೆಂದರೆ ಅಡ್ಡಡ್ಡ ಹಾಕಿದ ಪದರಗಳು ಒಂದನ್ನೊಂದು ಹಿಡಿದಿಡುತ್ತವೆ. ಮೇಲಿನ ಪದರ ದಪ್ಪಗಿದ್ದರೆ ವರ್ಷಗಳ ನಂತರ ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು. ಲ್ಯಾಮಿನೇಟ್ ಅಗ್ಗ, ಆದರೆ ಅದು ಮರದ ಛಾಯಾಚಿತ್ರ ಅಂಟಿಸಿದ ಹಲಗೆ; ಉಜ್ಜಲು ಬರುವುದಿಲ್ಲ, ಬೆಳಕಿನ ಆ ಆಟವೂ ಅದರಲ್ಲಿ ಅಷ್ಟಾಗಿ ಮೂಡುವುದಿಲ್ಲ.

ಹೊಸ ಮನೆಯ ಕಾಂಕ್ರೀಟು ಹೊರಗೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ಅದರ ಮೇಲೆ ಅವಸರದಲ್ಲಿ ಮರ ಹಾಸಿದರೆ ಪಟ್ಟಿಗಳು ಎದ್ದುಬರುವುದು ಹೆಚ್ಚು ಕಡಿಮೆ ಖಚಿತ. ತೇವ ಅಳೆಯಿಸದೆ ಕೆಲಸ ಶುರು ಮಾಡಬಾರದು. ನೆಲಮಹಡಿಯಲ್ಲಾದರೆ ಗೆದ್ದಲಿನ ಔಷಧಿ ಕಟ್ಟಡದ ತಳಪಾಯದ ಹಂತದಲ್ಲೇ ಆಗಿರಬೇಕು. ದಿನವೂ ಬಕೆಟ್ ನೀರು ಸುರಿದು ಒರೆಸುವ ರೂಢಿಯಿರುವ ಅಡುಗೆಮನೆ, ದೇವರಮನೆ, ಹಜಾರಗಳಿಗೆ ಮರದ ನೆಲ ಬೇಡ. ಅಲ್ಲಿಗೆ ಕಲ್ಲು ಅಥವಾ ರೆಡ್ ಆಕ್ಸೈಡ್ ನೆಲವೇ ಸರಿ. ಮಲಗುವ ಕೋಣೆ ಅಥವಾ ಓದುವ ಕೋಣೆ, ಎರಡರಲ್ಲಿ ಒಂದನ್ನು ಆರಿಸಿಕೊಂಡು, ಒಳ್ಳೆಯ ಮರ ತರಿಸಿ, ಹಾಸುವ ಬಡಗಿಗೆ ಕೇಳಿದಷ್ಟು ದಿನ ಕೊಡಿ.