ಸಾಲ ತೀರದ ಮನೆ, ಬಾಡಿಗೆಗೆ ಕೊಡಬಹುದೇ?

ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಝಳಕಿಯಲ್ಲಿ ಬ್ಯಾಂಕಿನ ಸಾಲ ಮಾಡಿ ಮನೆ ಕಟ್ಟಿಸಿದ್ದೆವು. ಐದು ವರ್ಷವೂ ಆಗಿರಲಿಲ್ಲ, ಯಜಮಾನರಿಗೆ ವಿಜಯಪುರಕ್ಕೆ ವರ್ಗವಾಯಿತು. ಅಲ್ಲಿ ಬೀಗ ಹಾಕಿ ಕಂತು ಕಟ್ಟುವುದು, ಇಲ್ಲಿ ಬಾಡಿಗೆ ಕಟ್ಟುವುದು... ಸಂಬಳ ಎಲ್ಲಿ ಸಾಕಾದೀತು? ಝಳಕಿ ಮನೆ ಬಾಡಿಗೆಗೆ ಕೊಡೋಣ ಅಂದುಕೊಂಡೆವು.

ವಾರದೊಳಗೇ ಗಂಡ-ಹೆಂಡತಿ ಬಂದರು. “ತಿಂಗಳ ಬಾಡಗಿ ಯಾಕ್ರೀ ಅಕ್ಕಾರ, ಮೂರು ವರ್ಷಕ್ಕ ಭೋಗ್ಯಕ್ಕ ಕೊಡ್ರಿ. ನಾಲ್ಕು ಲಕ್ಷ ಒಮ್ಮೆಗೇ ಕೊಡ್ತೀವಿ” ಅಂದರು. ನನಗಂತೂ ಆಸೆಯಾಯಿತು. ಸಾಲದ ಭಾರ ಅಷ್ಟಾದರೂ ಇಳಿಯುತ್ತದಲ್ಲ! ತಡೆದವರು ಅತ್ತೆಯವರು. “ಮನಿ ಕಾಗದ ಬ್ಯಾಂಕಿನ್ಯಾಗ ಅದಾವ. ಅವರನ್ನ ಕೇಳದ ಮಾತು ಕೊಡಬ್ಯಾಡ್ರಿ.”

ಅಂದು ರಾತ್ರಿ ಸಾಲದ ಕರಾರುಪತ್ರ ಹುಡುಕಿ ಓದಿದೆ. ಸಹಿ ಹಾಕುವ ದಿನ ಯಾರು ಓದುತ್ತಾರೆ ಹೇಳಿ? ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆ ಬಾಡಿಗೆಗೆ ಕೊಡುವಂತಿಲ್ಲ ಎಂದು ಸಣ್ಣ ಅಕ್ಷರದಲ್ಲಿತ್ತು. ಬಹಳಷ್ಟು ಗೃಹಸಾಲದ ಕರಾರಿನಲ್ಲಿ ಈ ಷರತ್ತು ಇರುತ್ತದೆ. ಗಾಬರಿ ಬೇಡ. ಬಾಡಿಗೆ ಕರಾರಿನ ಕರಡು ಜೋಡಿಸಿ ಅರ್ಜಿ ಕೊಡಿ, ಸ್ವೀಕೃತಿಗೆ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ “ಆಗಲಿ ಬಿಡಿ” ನಂಬಬೇಡಿ, ಮ್ಯಾನೇಜರಿಗೂ ವರ್ಗವಾಗುತ್ತದೆ!

ಭೋಗ್ಯದ ವಿಷಯ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮು ಅಡಮಾನದ ಮನೆಯನ್ನು ಬಾಡಿಗೆಗೆ ಕೊಡಲು ಮಾಲೀಕರಿಗೆ ಅವಕಾಶ ಕೊಡುತ್ತದೆ, ಸಾಲದ ಕರಾರಿನಲ್ಲಿ ಬೇರೆ ಷರತ್ತು ಇರದಿದ್ದರೆ. ಆದರೆ ಬಾಡಿಗೆ ವಾಜಬಿಯಾಗಿರಬೇಕು, ಅವಧಿ ಮೂರು ವರ್ಷ ಮೀರಬಾರದು, ಬಾಡಿಗೆಯನ್ನು ಮುಂಗಡವಾಗಿ ಪಡೆಯಬಾರದು. ಇಡುಗಂಟು ಪಡೆದು ತಿಂಗಳ ಬಾಡಿಗೆಯನ್ನೇ ಬಿಟ್ಟುಬಿಡುವ ಭೋಗ್ಯ ಇದಕ್ಕೆ ಎಲ್ಲಿ ಹೊಂದುತ್ತದೆ?

ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದರೆ ಅದು ವಸೂಲಾಗದ ಸಾಲದ ಲೆಕ್ಕಕ್ಕೆ ಹೋಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು, ಅದಕ್ಕೂ ಕಟ್ಟದಿದ್ದರೆ ಮನೆ ಬ್ಯಾಂಕಿನ ವಶ, ಹರಾಜು. ಆಗ ಭೋಗ್ಯಕ್ಕೆ ಬಂದವರ ಗತಿ? ನಮ್ಮಲ್ಲಿಗೆ ಬಂದಾಕೆ ಪಾಟ್ಲಿ, ಬಿಲ್ವಾರ ಒತ್ತೆಯಿಟ್ಟು ರೊಕ್ಕ ಹೊಂದಿಸಲು ಹೊರಟಿದ್ದರಂತೆ. ಕೇಳಿ ನನ್ನ ಹೊಟ್ಟೆ ತಳಮಳಿಸಿತು. ಮನೆ ಮೇಲೆ ಸಾಲವಿದೆ ಎಂದು ಮೊದಲ ದಿನವೇ ಹೇಳಬೇಕಿತ್ತು, ಹೇಳಿರಲಿಲ್ಲ.

ನೀವೇ ಭೋಗ್ಯಕ್ಕೆ ಮನೆ ಹುಡುಕುತ್ತಿದ್ದರೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ ನೋಡಿ. ಅಷ್ಟಕ್ಕೇ ಬಿಡದೆ ಮೂಲ ಖರೀದಿಪತ್ರ ತೋರಿಸಿ ಎನ್ನಿ. ಝೆರಾಕ್ಸ್ ಮಾತ್ರ ಕೊಟ್ಟರೆ ಮೂಲಪತ್ರ ಎಲ್ಲಿದೆ ಎಂದು ಕೇಳಲು ಸಂಕೋಚವೇಕೆ?

ಇನ್ನು ತೆರಿಗೆ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ರಷ್ಟು ವಿನಾಯಿತಿ ಇದೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಡ್ಡಿಯೇ ಹೆಚ್ಚಾಗಿ ನಷ್ಟ ಬಂದರೆ, ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು, ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ. ಮತ್ತೆ, ಗಂಡನೇ ಪೂರ್ತಿ ಹಣ ಹಾಕಿ ಹೆಂಡತಿಯ ಹೆಸರಿಗೆ ಮಾಡಿದ ಮನೆಯಾದರೆ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತದೆ. ಬಾಡಿಗೆ ನಿಮ್ಮ ಖಾತೆಗೆ ಜಮೆಯಾದರೂ ಅಷ್ಟೇ!

ಆ ದಂಪತಿಗೆ ಎಲ್ಲ ಬಿಚ್ಚಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಿಂಗಳ ಬಾಡಗಿಗೇ ಕೊಡ್ರಿ ಹಂಗಾರ” ಅಂದರು. ಬ್ಯಾಂಕಿನ ಪತ್ರ ಬರಲು ಮೂರು ವಾರ ಹಿಡಿಯಿತು. ಅದರ ಒಂದು ಪ್ರತಿ ಅವರಿಗೂ ಕೊಟ್ಟು, 11 ತಿಂಗಳ ಕರಾರು ಮಾಡಿಕೊಂಡೆವು. ಕಂತು ಕಡಿತವಾಗುವುದು ಹತ್ತನೇ ತಾರೀಖು, ಬಾಡಿಗೆ ಐದಕ್ಕೇ ಬರುತ್ತದೆ. ಬಳೆಗಳು ಆಕೆಯ ಕೈಯಲ್ಲೇ ಇವೆ.