ಹುಲ್ಲುಗಾವಲಿನೊಳಗಣ ಹೋರಾಟ

ಹಸುರು ಹುಲ್ಲುಗಾವಲನ್ನು ಕಂಡಾಗ ಶಾಂತಿಯೇ ಮೈದಳೆದು ಮಲಗಿದಂತೆ ನಮಗೆ ತೋರುವುದು. ಆದರೆ ನೆಲದೊಳಗೆ ಬೇರಿಗೂ ಬೇರಿಗೂ, ನೆಲದ ಮೇಲೆ ಎಲೆಗೂ ಎಲೆಗೂ ಎಡೆಬಿಡದ ಹೋರಾಟವು ಅಲ್ಲಿ ನಡೆದೇ ಇರುವುದು. ನೀರು, ಬೆಳಕು, ಮಣ್ಣಿನ ಸಾರ, ಇವೇ ಆ ಹೋರಾಟಕ್ಕೆ ಕಾರಣ.

ಇಂಗ್ಲೆಂಡಿನ ಹಾರ್ಪೆಂಡೆನ್ ಊರಿನ ರಾಥಮ್‌ಸ್ಟೆಡ್ಡಿನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿದ್ವಾಂಸರು ೧೮೫೬ರಲ್ಲಿ ಹಳೆಯದೊಂದು ಹುಲ್ಲುಗಾವಲನ್ನು ತುಂಡುತುಂಡಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರವನ್ನು ಹಾಕಿಸಿದರು. ಕೆಲವಕ್ಕೆ ಏನನ್ನೂ ಹಾಕಿಸಲಿಲ್ಲ. ಹುಲ್ಲಿನ ಇಳುವರಿಯನ್ನು ಹೆಚ್ಚಿಸುವ ಬಗೆಯನ್ನು ಅರಿಯುವುದು ಅವರ ಉದ್ದೇಶ. ಹುಲ್ಲೇನೋ ಹೆಚ್ಚಿತು. ಆದರೆ ಕೆಲವೇ ವರ್ಷಗಳಲ್ಲಿ, ಬೇರೆ ಬೇರೆ ಬೀಜಗಳನ್ನು ಬಿತ್ತಿದರೋ ಎಂಬಂತೆ ಆ ತುಂಡುಗಳು ಬೇರೆ ಬೇರೆಯಾಗಿ ಕಾಣತೊಡಗಿದುವು. ಆ ಪ್ರಯೋಗವು ಇಂದಿಗೂ ನಡೆದುಬಂದಿದೆ. ಗೊಬ್ಬರವನ್ನೇ ಕಾಣದ ತುಂಡುಗಳಲ್ಲಿ ೩೦ಕ್ಕೂ ಮಿಕ್ಕ ಜಾತಿಗಳು ಕೂಡಿ ಬಾಳುತ್ತಿರುವುವು. ಅಮೋನಿಯದ ಗೊಬ್ಬರವನ್ನು ವರ್ಷವರ್ಷವೂ ಯಥೇಚ್ಛವಾಗಿ ಉಂಡು, ಸುಣ್ಣವಿಲ್ಲದೆ ಹುಳಿಯೇರಿದ ನೆಲದಲ್ಲಿ ಉಳಿದಿರುವುವು ಎರಡು ಮೂರು ಜಾತಿಗಳು ಮಾತ್ರ!

ಸಮೃದ್ಧಿಯಿಂದ ಈ ದಾರಿದ್ರ್ಯವು ಹೇಗೆ ಹುಟ್ಟಿತು? ಶೆಫೀಲ್ಡ್ ವಿಶ್ವವಿದ್ಯಾನಿಲಯದ ಫಿಲಿಪ್ ಗ್ರೈಮ್ ೧೯೭೪ರಲ್ಲಿ ಸಸ್ಯಗಳ ಬಾಳ್ವೆಯ ಕ್ರಮವನ್ನು ಮೂರಾಗಿ ವಿಂಗಡಿಸಿದರು. ಮೊದಲನೆಯವು ಸ್ಪರ್ಧಾಳುಗಳು, ಸಾರವುಳ್ಳ ನೆಲದಲ್ಲಿ ಬೇಗಬೇಗನೆ ಬೆಳೆದು ನೆರೆಯವುಗಳ ಪಾಲನ್ನು ಕಸಿಯುವುವು. ಎರಡನೆಯವು ಸಹಿಷ್ಣುಗಳು, ಬಡನೆಲದಲ್ಲಿ ಮೆಲ್ಲಮೆಲ್ಲನೆ ಬೆಳೆದು, ಗಳಿಸಿದುದನ್ನು ಜೋಪಾನ ಮಾಡುವುವು. ಮೂರನೆಯವು ಅವಸರದವು, ಉತ್ತ ಹೊಲದಲ್ಲಿಯೂ ತುಳಿದ ಹಾದಿಯಲ್ಲಿಯೂ ಮೊಳೆತು, ಬೇಗನೆ ಹೂತು, ಬೀಜವನ್ನು ಚೆಲ್ಲಿ ಬಾಳನ್ನು ಮುಗಿಸುವುವು. ನಮ್ಮ ಹೊಲದ ಕಳೆಗಳಲ್ಲಿ ಹಲವು ಈ ಗುಂಪಿನವೇ.

ಅಮೆರಿಕದ ಡೇವಿಡ್ ಟಿಲ್ಮನ್ನರ ಮತವು ಬೇರೆ. ಅತ್ಯಲ್ಪ ಆಹಾರದಲ್ಲಿಯೂ ಬದುಕಬಲ್ಲ ಜಾತಿಯೇ ಕೊನೆಗೆ ಗೆಲ್ಲುವುದೆಂದು ಅವರು ೧೯೮೨ರ ತಮ್ಮ ಗ್ರಂಥದಲ್ಲಿ ಸಾಧಿಸಿದರು. ಏಕೆಂದರೆ ಅದು ನೆಲದ ಸಾರವನ್ನು ಉಳಿದವು ಬದುಕಲಾರದ ಮಟ್ಟಕ್ಕೆ ಇಳಿಸಿಬಿಡುವುದು. ಬೇಗ ಗಳಿಸುವವನು ದೊಡ್ಡವನೋ, ಅಲ್ಪದಲ್ಲಿ ಸಂಸಾರ ತೂಗಿಸುವವನು ದೊಡ್ಡವನೋ ಎಂಬ ಈ ವಾದವು ಬಹುಕಾಲ ನಡೆಯಿತು.

ಗೊಬ್ಬರವುಂಡ ಗಾವಲಿನಲ್ಲಿ ಸಣ್ಣ ಗಿಡಗಳು ಅಳಿಯುವುದಕ್ಕೆ ಕಾರಣವನ್ನು ೨೦೦೯ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿಕೊಟ್ಟಿತು. ಎತ್ತರದ ಹುಲ್ಲಿನ ಬುಡದಲ್ಲಿ ದೀಪಗಳನ್ನಿರಿಸಿ ಬೆಳಕನ್ನಿತ್ತಾಗ, ಗೊಬ್ಬರವಿದ್ದರೂ ಆ ಗಿಡಗಳು ಉಳಿದುವು. ಅವನ್ನು ಕೊಂದುದು ಗೊಬ್ಬರಕ್ಕಿಂತ ಹೆಚ್ಚಾಗಿ ನೆರೆಯವುಗಳ ನೆರಳು.

ಹುಲ್ಲನ್ನು ತೂಗುವವನಿಗೆ ಲಾಭವಾಗಿ ಕಂಡುದು ಹೂಗಳನ್ನು ಎಣಿಸುವವನಿಗೆ ನಷ್ಟವಾಗಿರಬಹುದು. ಗಾವಲಿಗೆ ಗೊಬ್ಬರವನ್ನು ಸುರಿಯುವ ಮುನ್ನ ಎರಡು ಲೆಕ್ಕಗಳನ್ನೂ ನೋಡುವುದೇ ವಿವೇಕ.