ಇರುವೆಯ ಸಾಕ್ಷ್ಯ ಸಾಲದು

ಮೂತ್ರಕ್ಕೆ ಇರುವೆ ಮುತ್ತುವುದು ಪ್ರಮೇಹದ ಪೂರ್ವಸೂಚನೆಯೆಂದು ಚರಕಸಂಹಿತೆಯು ಹೇಳಿದೆ. ಮಧುಮೇಹವು ಪ್ರಮೇಹದ ಒಂದು ಬಗೆ. 1776ರಲ್ಲಿ ಇಂಗ್ಲೆಂಡಿನ ವೈದ್ಯನಾದ ಮ್ಯಾಥ್ಯೂ ಡಾಬ್ಸನ್ ಎಂಬವನು ರೋಗಿಯ ಮೂತ್ರವನ್ನು ಇಂಗಿಸಿ, ಉಳಿದ ವಸ್ತು ಸಕ್ಕರೆಯೇ ಎಂಬುದನ್ನು ತೋರಿಸಿಕೊಟ್ಟನು. ಮುಂದೆ ಬೆನೆಡಿಕ್ಟ್ ದ್ರಾವಣವು ಬಳಕೆಗೆ ಬಂದಿತು. ಮೂತ್ರ ಬೆರೆಸಿ ಕಾಯಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಅದರ ನೀಲಿಬಣ್ಣ ಹಸಿರು, ಹಳದಿ, ಕೊನೆಗೆ ಇಟ್ಟಿಗೆಗೆಂಪಾಗುವುದು.

ಆದರೆ ಈ ಸಾಕ್ಷ್ಯವೊಂದನ್ನೇ ನೆಚ್ಚುವಂತಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು ಸುಮಾರು 180 ಮಿಲಿಗ್ರಾಂ ಮೀರುವವರೆಗೂ ಮೂತ್ರಪಿಂಡಗಳು ಅದನ್ನು ಸಾಮಾನ್ಯವಾಗಿ ಹೊರಬಿಡದೆ ರಕ್ತಕ್ಕೇ ಮರಳಿಸುತ್ತವೆ. ಮೂತ್ರದಲ್ಲಿ ಸಕ್ಕರೆಯಿಲ್ಲವೆಂದು ಮನೆಯವರು ನೆಮ್ಮದಿಯಿಂದಿರುವಾಗಲೇ ಕಣ್ಣು, ನರಗಳಿಗೆ ಹಾನಿ ತಗಲುತ್ತಿರಬಹುದು.

ಆದುದರಿಂದ ರಕ್ತಪರೀಕ್ಷೆಯೇ ಪ್ರಮಾಣ. ಕನಿಷ್ಠ 8 ಗಂಟೆಗಳ ಕಾಲ ನೀರಿನ ಹೊರತು ಏನನ್ನೂ ಸೇವಿಸದೆ ರಕ್ತ ಕೊಡಬೇಕು. ಆಗ ಸಕ್ಕರೆಯು 126 ಮಿಲಿಗ್ರಾಂ ಮುಟ್ಟಿದರೆ, ಅಥವಾ 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಯ ಮೇಲೆ 200 ಮುಟ್ಟಿದರೆ, ಅದು ಮಧುಮೇಹದ ಗುರುತು. ಎಚ್‌ಬಿಎ1ಸಿ ಎಂಬ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುತ್ತದೆ. ಅಲ್ಲಿ ಗಡಿ ಶೇಕಡಾ 6.5. ರಕ್ತಹೀನತೆಯುಳ್ಳವರಲ್ಲಿ ಅದರ ಲೆಕ್ಕ ತಪ್ಪುವುದುಂಟು. ರೋಗಲಕ್ಷಣಗಳಿಲ್ಲದವರು ಒಂದೇ ಫಲಿತಾಂಶ ನೋಡಿ ಎದೆಗುಂದಬೇಕಾಗಿಲ್ಲ. ವೈದ್ಯರು ಮತ್ತೊಮ್ಮೆ ಪರೀಕ್ಷಿಸಿಯೇ ನಿರ್ಣಯಿಸುತ್ತಾರೆ.

ಅತಿದಾಹ, ಪದೇ ಪದೇ ಮೂತ್ರ, ಕಾರಣವಿಲ್ಲದೆ ಮೈ ಇಳಿಯುವುದು, ಇವು ಎಲ್ಲರಲ್ಲಿಯೂ ಕಾಣುವುದಿಲ್ಲ. ತಂದೆತಾಯಿಯರಿಗೆ ಈ ರೋಗವಿದ್ದವರು ಲಕ್ಷಣಗಳಿಗಾಗಿ ಕಾಯದೆ, 30 ತುಂಬಿದೊಡನೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.